ಗೆದ್ದವರ ಎಂಜಿನ್ ಮಾರಾಟಕ್ಕೆ

ಗುಂಡಿಗೆ ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ ಅವಳಮ್ಮ ಅವಳಿಗೊಂದು ಮಾತು ಕೊಟ್ಟಿದ್ದಳು. ಮುಹೂರ್ತ ನೋಡಿ ಕೊಟ್ಟ ಮಾತೇನಲ್ಲ. ಊರಾಚೆಯ ಮಣ್ಣಿನ ಟ್ರ್ಯಾಕಿನ ಬೇಲಿಗೆ ಆತುಕೊಂಡು ಇಬ್ಬರೂ ರೇಸು ನೋಡುತ್ತಿದ್ದರು. ಚಕ್ರಕ್ಕೆ ಮುಚ್ಚಿಗೆಯಿಲ್ಲದ, ಬಾಗಿಲಿಲ್ಲದ, ಎಲುಬಿನ ಗೂಡಿಗೆ ಎಂಜಿನ್ ಕಟ್ಟಿ ಬಿಟ್ಟಂತಿದ್ದ ಪುಟ್ಟ ಕಾರುಗಳು ಕೆಸರೆರಚುತ್ತ ಸುತ್ತು ಹೊಡೆಯುತ್ತಿದ್ದವು. ಪಕ್ಕದಲ್ಲೊಬ್ಬಳು ತಾಯಿ, ಓಡಿಸುತ್ತಿದ್ದ ಮಗನಿಗೆ, "ನಿಧಾನ ಹೋಗೋ! ನಿಧಾನ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದಳು. ಆ ಗದ್ದಲದಲ್ಲಿ ಅವಳ ಕೂಗು ಅವಳ ಕಿವಿಗಾದರೂ ಬಿದ್ದಿತ್ತೋ ಇಲ್ಲವೋ.

"ನಾನು ಓಡಿಸಿದ್ರೆ ನೀನೂ ಹಿಂಗೇ ಕೂಗ್ತೀಯಾ?" ಎಂದು ಗುಂಡಿ ಕೇಳಿದಳು.

"ಇಲ್ಲ ಕಣೇ. ನಿಧಾನ ಹೋಗು ಅಂತ ನಿನಗೆ ಯಾವತ್ತೂ ಹೇಳಲ್ಲ. ಈಗ ಮೂಗು ಒರೆಸ್ಕೊ."

ಮಕ್ಕಳಿಗೆ ಕೊಡುವ ಮಾತಿನ ತೊಂದರೆಯೇ ಇದು. ಕೊಟ್ಟವರು ಮನೆ ಸೇರುವಷ್ಟರಲ್ಲಿ ಮರೆತಿರುತ್ತಾರೆ. ಈಸಿಕೊಂಡವರು ಅದನ್ನು ಬಡ್ಡಿ ಸಮೇತ ಬೆಳೆಸುತ್ತ ಕೂತಿರುತ್ತಾರೆ.

ಗುಂಡಿ ಎಂಬುದು ಅವಳ ನಿಜವಾದ ಹೆಸರಲ್ಲ. ದರ್ಜಿಯ ಮಗಳಾಗಿ ಹುಟ್ಟಿ, ಅಂಬೆಗಾಲಿಡುವಾಗ ಯಾರದೋ ಕೋಟಿನ ಗುಂಡಿಯೊಂದನ್ನು ನುಂಗಿದ್ದಕ್ಕೆ ಅಪ್ಪನೇ ಇಟ್ಟ ಬಿರುದು. ಈಗ ಅವಳು ಹಾಲಿನ ಡೇರಿಯ ಶೆಡ್ಡಿನಲ್ಲಿ ಮೆಕ್ಯಾನಿಕ್. ಅಮ್ಮ ಶಾಲೆಯ ಮಕ್ಕಳನ್ನು ಸಾಗಿಸುವ ಸ್ವಂತ ವ್ಯಾನು ಓಡಿಸುತ್ತಾಳೆ. ಮಕ್ಕಳೂ ಮಕ್ಕಳ ತಂದೆತಾಯಿಯೂ ಅವಳನ್ನು ಕರೆಯುವುದು ವ್ಯಾನಕ್ಕ ಎಂದೇ. ಬೆಳಿಗ್ಗೆ ಮಕ್ಕಳನ್ನು ತುಂಬಿಕೊಂಡು ಬಿಡು, ಸಂಜೆ ತುಂಬಿಕೊಂಡು ತಾ, ನಡುವೆ ಸೀಟಿಗೆ ಅಂಟಿದ ಚ್ಯೂಯಿಂಗ್ ಗಮ್ ಕೆರೆ. ಇಂಥ ಐಷಾರಾಮದ ಬದುಕಿನಲ್ಲಿ ರೇಸ್ ಕಾರು ಒಂದೇ ಕಡಿಮೆಯಾಗಿತ್ತು.

ಆದರೂ ಕಟ್ಟಿದರು. ಯಾರೋ ಬೇಲಿಗೆ ಗುದ್ದಿ ಸೊಟ್ಟ ಮಾಡಿ ಎಸೆದಿದ್ದ ಚೌಕಟ್ಟನ್ನು ತಾಯಿ ಮಗಳು ಸೇರಿ ನೆಟ್ಟಗೆ ಮಾಡಿ, ವೆಲ್ಡಿಂಗ್ ಮಾಡಿಸಿದರು. ಡೇರಿಯ ಹಿತ್ತಿಲಲ್ಲಿ ಸಾಲಾಗಿ ಸತ್ತು ಬಿದ್ದಿದ್ದ ಹಾಲಿನ ವ್ಯಾನುಗಳಲ್ಲೊಂದರ ಎಂಜಿನ್ನನ್ನು ಗುಜರಿ ಬೆಲೆಗೆ ತಂದು ಕೂರಿಸಿದರು. ಹೆಲ್ಮೆಟ್ಟಿನ ಗಾಜಿನ ಮೇಲೆ ಕೆಸರು ಬಿದ್ದಾಗಲೆಲ್ಲ ಒಂದೊಂದಾಗಿ ಕಿತ್ತೆಸೆಯಲು ಪಾರದರ್ಶಕ ಹಾಳೆಗಳು ಬೇಕು. ಅಂಗಡಿಯಲ್ಲಿ ಅದರ ಬೆಲೆ ಕೇಳಿದ ದರ್ಜಿ, ಹೊಸ ಅಂಗಿಗಳ ಪ್ಯಾಕಿನ ಪ್ಲಾಸ್ಟಿಕ್ಕನ್ನೇ ಕತ್ತರಿಸಿ, ಪ್ರತಿಯೊಂದಕ್ಕೂ ಎಳೆಯಲು ಒಂದು ಕಿವಿ ಹೊಲಿದ.

"ಒಳಗೆ ಅಂಗಿ ಸೈಜು ಬರೆದಿರುತ್ತೆ, ಅದನ್ನ ಓದ್ತಾ ಕೂರಬೇಡ, ರಸ್ತೆ ನೋಡು," ಎಂದ ಮಗಳಿಗೆ.

ಇಷ್ಟಾದರೂ ಖರ್ಚು ಆಟಗಾರರಿಗಿಂತ ವೇಗವಾಗಿ ಓಡುತ್ತಿತ್ತು. ಇದು ಕ್ಲಬ್ಬಿಗೂ ಹೊಳೆದು, ಆಟವನ್ನು ಬಡವರ ಕೈಗೆಟುಕಿಸಲು ಒಂದು ಸಮಿತಿ ಹುಟ್ಟಿತು. ಕ್ಲಬ್ಬಿನ ಅಧ್ಯಕ್ಷರದು ಬಿಡಿಭಾಗಗಳ ಅಂಗಡಿ. ಸಭೆ ಸೇರುತ್ತಿದ್ದುದು ಅಂಗಡಿಯ ಮೇಲಿನ ಗೋದಾಮಿನಲ್ಲಿ, ಕೂರುತ್ತಿದ್ದುದು ಬೆಲೆಚೀಟಿ ಅಂಟಿಸಿದ ಟೈರುಗಳ ಮೇಲೆ.

ಸಮಿತಿ ತುಂಬ ದುಡಿಯಿತು. ಒಬ್ಬರಿಗಿಂತ ಒಬ್ಬರು ದುಬಾರಿ ಟೈರು ಹಾಕುವ ಚಾಳಿ ತಪ್ಪಲಿ ಎಂದು, ಎಲ್ಲರೂ ಒಂದೇ ಜಾತಿಯ ಟೈರು ಹಾಕಬೇಕೆಂದು ಗೊತ್ತುಮಾಡಿತು. ಆ ಟೈರು ಸಿಗುತ್ತಿದ್ದುದು ದೈವವಶಾತ್ ಕೆಳಗಿನ ಅಂಗಡಿಯಲ್ಲಿ ಮಾತ್ರ. ಶಾಕ್ ಅಬ್ಸಾರ್ಬರ್ ಅಗ್ಗದ್ದೇ ಇರಬೇಕು, ಅಗ್ಗದ್ದೆಂದು ಪರೀಕ್ಷಿಸಿ ಮುದ್ರೆ ಹಾಕಿಸಿಕೊಳ್ಳಬೇಕು ಎಂದಿತು. ಮುದ್ರೆಯ ಶುಲ್ಕ ಶಾಕ್ ಅಬ್ಸಾರ್ಬರಿಗಿಂತ ಹೆಚ್ಚಾಯಿತು. ಹೀಗೆ ಇನ್ನೆರಡು ಸಲ ಅಗ್ಗವಾದರೆ ವ್ಯಾನು ಮಾರಬೇಕಾದೀತೆಂದು ಲೆಕ್ಕ ಹಾಕಿದ ವ್ಯಾನಕ್ಕ, ಟೈರಿನಿಂದ ಎದ್ದು ನಿಂತಳು.

"ಅಧ್ಯಕ್ಷರೇ, ಅಗ್ಗ ಆಗ್ಬೇಕಂದ್ರೆ ನಮ್ ಕೈಲಿ ಏನೂ ಕೊಳ್ಳಿಸಬೇಡಿ. ಮಾರಿಸಿ."

"ಏನನ್ನಮ್ಮ?"

"ಗೆದ್ದವರ ಎಂಜಿನ್ನ. ಒಂದು ಬೆಲೆ ಗೊತ್ತುಮಾಡಿ, ಕಡಿಮೇದು. ರೇಸು ಮುಗಿಸಿದವರಲ್ಲಿ ಯಾರು ಬೇಕಾದ್ರೂ ಅಲ್ಲೇ ಆ ದುಡ್ಡಿಟ್ಟು ಗೆದ್ದವರ ಎಂಜಿನ್ ಕೇಳಬಹುದು. ಕೊಡಲ್ಲ ಅಂದ್ರೆ ಗೆಲುವೂ ಇಲ್ಲ, ಮುಂದಿನ ವರ್ಷ ಟ್ರ್ಯಾಕಿಗೆ ಪ್ರವೇಶಾನೂ ಇಲ್ಲ. ಆಮೇಲೆ ಚಿನ್ನದ ಎಂಜಿನ್ ಯಾವನು ತರ್ತಾನೋ ನೋಡೋಣ."

ಗೋದಾಮಿನ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು. ಅಲ್ಲಿ ಜಲ್ಲಿ ಸಾಹುಕಾರ ಕೂತಿದ್ದ. ಕಲ್ಲು ಒಡೆದು ಜಲ್ಲಿ ಮಾರಿ ದುಡ್ಡು ಮಾಡಿದ ಆಸಾಮಿ. ಮಗಳ ಗಂಡನಿಗಾಗಿ ಹೊರದೇಶದಿಂದ ರೇಸ್ ಎಂಜಿನ್ ತರಿಸಿದ್ದ. ಅಳಿಯ ಅಲ್ಲ ಮಗಳ ಗಂಡ ಎನ್ನುತ್ತಾರಲ್ಲ, ಹಾಗೆ ಆ ಅಳಿಯ ಚಾಲಕನಲ್ಲ, ಬರೀ ಗಾಡಿ ಓಡಿಸುವವನು. ಪ್ರತಿ ತಿರುವಿನಲ್ಲೂ ಜಾರಿ ಬೇಲಿಯ ಸಮೀಪಕ್ಕೆ ಹೋಗಿ ಪ್ರೇಕ್ಷಕರ ಯೋಗಕ್ಷೇಮ ವಿಚಾರಿಸಿಕೊಂಡು ಬರುತ್ತಿದ್ದ. ಕೇಳಿದರೆ ಟ್ರ್ಯಾಕು ಸರಿಯಿಲ್ಲ ಎನ್ನುತ್ತಿದ್ದ. ಕುಣಿಯಲಾರದವಳಿಗೆ ನೆಲ ಡೊಂಕು. ಅಳಿಯ ಗೆದ್ದರೆ ತಾನೆ ಎಂಜಿನ್ ಕೊಡಬೇಕಾದದ್ದು? ಸಾಹುಕಾರ ನಕ್ಕು ತಾನೂ ಕೈಯೆತ್ತಿದ. ನಿಯಮ ಪಾಸಾಯಿತು. ವ್ಯಾನಕ್ಕನಿಗೆ ಚಪ್ಪಾಳೆ ಬಿತ್ತು.

ಮೊದಲ ರೇಸಿನಲ್ಲಿ ಗುಂಡಿ ಗೆದ್ದಳು.

ಗೆಲ್ಲುವ ಕಾರೇ ಅಲ್ಲ ಅದು. ಟ್ಯಾಂಕರು ನೀರು ಹೊಡೆದ ಮಣ್ಣು ಮೊದಲು ಕೆಸರಾಗಿತ್ತು. ಸುತ್ತು ಕಳೆದಂತೆ ಒಣಗಿ, ಸಾರಿಸಿದ ನೆಲದ ಹಾಗೆ ನುಣುಪಾಯಿತು. ಬಲವಾದ ಎಂಜಿನ್ನುಗಳೆಲ್ಲ ಅದರ ಮೇಲೆ ಕಾಲು ಜಾರಿದ ಎಮ್ಮೆಗಳಂತೆ ಒದ್ದಾಡತೊಡಗಿದವು. ಹಾಲಿನ ವ್ಯಾನಿನ ಎಂಜಿನ್ನಿಗೆ ಜಾರುವಷ್ಟು ಶಕ್ತಿಯೇ ಇರಲಿಲ್ಲ. ಗುಂಡಿ ಒಳಗಿನ ಅಂಚು ಹಿಡಿದು, ಎಲ್ಲೂ ಆಕ್ಸಿಲರೇಟರಿನಿಂದ ಕಾಲೆತ್ತದೆ, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದಳು. ಬೇಲಿಯ ಬಳಿ ವ್ಯಾನಕ್ಕ ಕೈಯಲ್ಲಿ ಕೆಸರು ಕೆರೆಯುವ ಹಳೇ ಸಟ್ಟುಗ ಹಿಡಿದುಕೊಂಡು, ಬಾಯಿ ತೆರೆದು ನಿಂತಿದ್ದಳು. ಆ ಬಾಯಿ ಮುಚ್ಚುವ ಮೊದಲೇ ಸಾಹುಕಾರ ಬಂದು ಕಾರಿನ ಬಾಲದ ಮೇಲೆ ನೋಟಿನ ಕಟ್ಟು ಇಟ್ಟ.

"ಎಂಜಿನ್ ಕೊಡಿಸಮ್ಮ ವ್ಯಾನಕ್ಕ. ನಿಯಮ ನಿಮ್ಮದೇ ಅಲ್ವಾ?"

"ಇದು ಹಾಲಿನ ಗಾಡೀದು, ಸಾಹುಕಾರ್ರೇ."

"ಹಾಲಿನ ಗಾಡಿ ನನ್ನಳಿಯನ್ನ ಹಿಂದೆ ಹಾಕುತ್ತಾ? ಒಳಗೇನೋ ಇದೆ. ಬಿಚ್ಚಿ ನೋಡ್ತೀನಿ."

ಮನೆಗೆ ಬರುವಾಗ ವ್ಯಾನಿನ ಹಿಂದೆ ಕಟ್ಟಿದ್ದ ಕಾರು ಹಗುರಾಗಿ ಕುಣಿಯುತ್ತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ದರ್ಜಿ ಹಿಂದಿನ ಸೀಟಿನಿಂದ ಹೆಂಡತಿಯನ್ನು ಹಾಡಿ ಹೊಗಳಿದ.

"ಅಮ್ಮ, ಆ ನಿಯಮ ಮಾಡುವಾಗ, ಇವಳೂ ಗೆಲ್ಲಬಹುದು ಅಂತ ಒಂದ್ಸಲನಾದ್ರೂ ಅನ್ನಿಸ್ಲಿಲ್ವಾ ನಿನಗೆ?"

ವ್ಯಾನಕ್ಕ ಗೇರು ಬದಲಿಸಿದಳು. ಅಲ್ಲಿ ಗೇರು ಬದಲಿಸುವ ಅಗತ್ಯವೇನೂ ಇರಲಿಲ್ಲ.

ಸಾಹುಕಾರ ಎಂಜಿನ್ ಬಿಚ್ಚಿಸಿದ. ಬೆಟ್ಟ ಅಗೆದು ಇಲಿಯಾದರೂ ಸಿಗಬೇಕಿತ್ತು. ಹಾಲಿನ ವ್ಯಾನಿನ ಎಂಜಿನ್ನೊಳಗೆ ಹಾಲಿನ ವ್ಯಾನಿನ ಎಂಜಿನ್ನೇ ಇತ್ತು. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಇವನು ದುಡ್ಡಿದ್ದವನು. ಗುಟ್ಟು ಇನ್ನೊಂದರಲ್ಲಿದೆ ಎಂದುಕೊಂಡ. ನಿಗದಿ ಬೆಲೆ ಗುಜರಿ ಬೆಲೆಗಿಂತ ಎಷ್ಟೋ ಮೇಲಿತ್ತಾದ್ದರಿಂದ ತಾಯಿ ಮಗಳು ಡೇರಿಯ ಹಿತ್ತಿಲಿಂದ ಎರಡನೆಯದನ್ನು ತಂದರು, ಜೊತೆಗೆ ಅಧ್ಯಕ್ಷರ ಅಂಗಡಿಯ ಅಗ್ಗದ ಟೈರುಗಳನ್ನೂ ತಂದರು. ಗುಂಡಿ ಮತ್ತೆ ಗೆದ್ದಳು. ಸಾಹುಕಾರ ಮತ್ತೆ ಕೊಂಡ. ನಡುವೆ ಕೆಲವು ರೇಸುಗಳಲ್ಲಿ ಟೈರು ಸಿಡಿದು, ಸರಪಳಿ ಹರಿದು ಅವಳು ಹಿಂದೆ ಬಿದ್ದಳು. ಆಗ ಯಾರೂ ಅವಳ ಎಂಜಿನ್ನಿನ ತಂಟೆಗೆ ಬರಲಿಲ್ಲ. ಗೆದ್ದಾಗಲೆಲ್ಲ ಸಾಹುಕಾರ ಹಾಜರು. ಅವನ ಜಲ್ಲಿ ಯಾರ್ಡಿನಲ್ಲಿ ಹಾಲಿನ ಎಂಜಿನ್ನುಗಳು ಬಾಯ್ಬಿಟ್ಟುಕೊಂಡು ಸಾಲಾಗಿ ಮಲಗಿದವು. ಬಡವರಿಗೆ ರೇಸು ಕೈಗೆಟುಕಬೇಕೆಂಬ ಸಮಿತಿಯ ಕನಸು ಹೀಗೆ ನನಸಾಯಿತು: ಒಂದು ಮನೆಯ ಮಟ್ಟಿಗೆ, ಒಬ್ಬನ ಅನುಮಾನದ ಖರ್ಚಿನಲ್ಲಿ.

"ಆ ಮಹಾನುಭಾವನಿಗೆ ಒಂದು ಕೋಟು ಹೊಲಿದುಕೊಡೋಣ ಕಣೇ," ಎಂದ ದರ್ಜಿ. "ಪುಕ್ಕಟೆ."

ಇಂಥ ಸುಖ ಬಹಳ ದಿನ ಬಾಳುವುದಿಲ್ಲ. ಉಳಿದವರೂ ಕಣ್ಣುಬಿಟ್ಟರು. ಎಲ್ಲರಿಗೂ ಈಗ ಹಾಲಿನ ಎಂಜಿನ್ನೇ ಬೇಕಾಯಿತು. ಅಧ್ಯಕ್ಷರ ಅಂಗಡಿಯ ಮುಂದೆ ಅದಕ್ಕೊಂದು ಬೋರ್ಡೇ ಬಿತ್ತು. ಗುಜರಿ ಬೆಲೆ ನಿಗದಿ ಬೆಲೆಯನ್ನು ದಾಟಿ ಹೋಯಿತು. ಕೊನೆಯ ರೇಸಿನ ವಾರ ಡೇರಿಯವರು ಹಿತ್ತಿಲಲ್ಲಿದ್ದುದನ್ನೆಲ್ಲ ಹರಾಜು ಹಾಕಿದರು. ಗುಟ್ಟಿನ ಬೇರನ್ನೇ ಕೀಳುತ್ತೇನೆಂದು ಸಾಹುಕಾರ ಒಂದೂ ಬಿಡದೆ ಕೊಂಡುಹೋದ. ಹಿಂದಿನ ರೇಸಿನಲ್ಲಿ ಗೆದ್ದು ಎಂಜಿನ್ ಕೊಟ್ಟಿದ್ದ ಗುಂಡಿಯ ಕಾರಿನ ಹೊಟ್ಟೆ ಖಾಲಿಯಿತ್ತು. ಅವಳೂ, ಗೆಲ್ಲದಿದ್ದರೂ ಒಂದು ರೇಸೂ ಬಿಡದೆ ಮುಗಿಸಿ ಅಂಕ ಕೂಡಿಸಿದ್ದ ಸಾಹುಕಾರನ ಅಳಿಯನೂ ಈಗ ಸರಿಸಮ. ಈ ರೇಸಿನಲ್ಲಿ ಮುಂದೆ ಬಂದವರಿಗೆ ವರ್ಷದ ಚಾಂಪಿಯನ್ ಕಪ್ಪು.

"ಬಿಡಮ್ಮ, ಆಗಿದ್ದೇ ಜಾಸ್ತಿ," ಎಂದಳು ಗುಂಡಿ. ಆದರೆ ಹೇಳುವಾಗ ಅವಳು ನೋಡುತ್ತಿದ್ದುದು ಅಂಗಳದಲ್ಲಿ ನಿಂತಿದ್ದ ಶಾಲೆಯ ವ್ಯಾನನ್ನು. ವ್ಯಾನಕ್ಕನೂ ಅದನ್ನೇ ನೋಡುತ್ತಿದ್ದಳು. ಹಾಲಿನ ವ್ಯಾನೂ ಮಕ್ಕಳ ವ್ಯಾನೂ ಒಂದೇ ತಾಯಿ ಹೆತ್ತವು. ಬೋಲ್ಟಿನಿಂದ ಬೋಲ್ಟಿಗೆ ಹೊಂದುವ ಅದೇ ಎಂಜಿನ್.

ಶನಿವಾರ ಮಧ್ಯಾಹ್ನ ಇಳಿಸಿದರು. ಸಂಜೆಯೊಳಗೆ ಕೂರಿಸಿದರು. ದರ್ಜಿ ಮಾತಾಡಲಿಲ್ಲ, ಅವನು ಮಾತಾಡದಿದ್ದರೆ ವಿಷಯ ಗಂಭೀರವಾಗಿದೆ ಎಂದೇ ಅರ್ಥ. ಗೆದ್ದರೆ ಕಪ್ಪು ಬರುತ್ತದೆ, ವ್ಯಾನಿನ ಎಂಜಿನ್ ಹೋಗುತ್ತದೆ. ಸೋಮವಾರ ಬೆಳಿಗ್ಗೆ ಗೇಟುಗಳ ಮುಂದೆ ನೀರಿನ ಬಾಟಲಿ ನೇತುಹಾಕಿಕೊಂಡು ನಿಂತ ಮಕ್ಕಳಿಗೆ ಕಪ್ಪಿನಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಎನ್ನಲಾಗುವುದಿಲ್ಲ. ಆ ಸುತ್ತಾಟ ನಿಂತರೆ ಮನೆ ನಡೆಯುವುದೂ ನಿಂತಂತೆ.

ಭಾನುವಾರ ಟ್ರ್ಯಾಕಿನಲ್ಲಿ ದರ್ಜಿ ಮಗಳ ಬೆಲ್ಟುಗಳನ್ನು ಎಳೆದು ಬಿಗಿದ, ಅಂಗಿಯ ಅಳತೆ ತೆಗೆಯುವಷ್ಟು ಜೋಪಾನವಾಗಿ. ವ್ಯಾನಕ್ಕ ಸಟ್ಟುಗದಿಂದ, ಕೆಸರೇ ಇಲ್ಲದ ಚೌಕಟ್ಟನ್ನು ಕೆರೆಯುತ್ತಿದ್ದಳು.

"ಏನಾದ್ರೂ ಹೇಳೋದಿದ್ಯಾಮ್ಮ?"

ವ್ಯಾನಕ್ಕ ಕೆರೆಯುವುದನ್ನು ನಿಲ್ಲಿಸಿದಳು. ಸುತ್ತ ಇನ್ನೂ ಯಾವ ಎಂಜಿನ್ನೂ ಶುರುವಾಗಿರಲಿಲ್ಲ. ಪಿಸುಗುಟ್ಟಿದರೂ ಕೇಳಿಸುವಂತಿತ್ತು.

"ನಿಧಾನ ಹೋಗು," ಎಂದಳು.

ಗುಂಡಿ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಳು.

ಕೊನೆಯ ಸುತ್ತಿನವರೆಗೂ ಅವಳೇ ಮುಂದಿದ್ದಳು. ಕೊನೆಯ ತಿರುವಿನಲ್ಲಿ ಎಂಜಿನ್ನಿನ ದನಿ ತುಸು ತಗ್ಗಿತು. ನೆರೆದ ಜನಕ್ಕೆ ಗೊತ್ತಾಗಲಿಲ್ಲ. ವ್ಯಾನಕ್ಕನಿಗೆ ಆ ದನಿ ಮಗುವಿನ ಕೆಮ್ಮಿನಷ್ಟು ಪರಿಚಯ. ಮಗಳು ಕಾಲೆತ್ತಿದ್ದಳು. ಹೊರಗಿನ ಅಂಚಿನಿಂದ ಅಳಿಯ ಜಾರುತ್ತ, ಒದರುತ್ತ, ಬೇಲಿಯವರನ್ನು ಮಾತಾಡಿಸುತ್ತ ಬಂದು, ಜೀವಮಾನದಲ್ಲಿ ಮೊದಲ ಸಲ ಗೆದ್ದ. ಸಾಹುಕಾರ ಅವನನ್ನು ತಬ್ಬಿಕೊಂಡು ಎತ್ತಿಯೇಬಿಟ್ಟ.

ಗುಂಡಿ ಕಾರಿನಿಂದಿಳಿದು ನೇರ ತಾಯಿಯ ಬಳಿ ಬಂದಳು. "ಸಾಹುಕಾರ್ರು ಹೋದ ಸಲ ಕೊಟ್ಟ ದುಡ್ಡು ಎಲ್ಲಿ?"

"ಕೈಚೀಲದಲ್ಲಿದೆ. ಯಾಕೆ?"

"ಕೊಡು."

ನೋಟಿನ ಕಟ್ಟಿಗೆ ಸಾಹುಕಾರನೇ ಹಾಕಿದ್ದ ರಬ್ಬರ್ ಬ್ಯಾಂಡು ಕೂಡ ಹಾಗೇ ಇತ್ತು. ಗುಂಡಿ ಅದನ್ನು ಅವನ ಕಾರಿನ ಬಾಲದ ಮೇಲಿಟ್ಟಳು. "ಎಂಜಿನ್ ಕೊಡ್ಸಿ, ಸಾಹುಕಾರ್ರೇ."

"ಏಯ್, ಅದು ಹೊರದೇಶದ್ದು ಕಣಮ್ಮ!"

"ಒಳಗೇನೋ ಇದೆ ಅಂತ ಅನುಮಾನ. ಬಿಚ್ಚಿ ನೋಡ್ತೀನಿ."

ಸಾಹುಕಾರ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಆಕಾಶ ನೋಡಿದರು. ಕೊಡುವುದಿಲ್ಲ ಎಂದರೆ ಗೆಲುವು ಹೋಗುತ್ತದೆ. ಅತ್ತ ಅಳಿಯ ಕಪ್ಪನ್ನು ಎದೆಗವಚಿಕೊಂಡು ಹೆಂಡತಿಗೆ ಫೋನು ಮಾಡಿ ಆಗಲೇ ಖುಷಿಯಿಂದ ಅಳುತ್ತಿದ್ದ. ಮಗಳ ಗಂಡನ ಮೊದಲ ಗೆಲುವನ್ನು ಕಿತ್ತುಕೊಂಡು ಮಗಳ ಮುಖ ನೋಡುವುದುಂಟೆ? ಸಾಹುಕಾರ ಕೊಟ್ಟ. ಮರುವಾರವೇ ಸಮಿತಿ ತುರ್ತಾಗಿ ಸೇರಿ, ಈ ನಿಯಮದಿಂದ ಆಟ ಬಡವರಿಗೆ ದುಬಾರಿಯಾಗುತ್ತಿದೆ ಎಂದು ಮರುಗಿ, ಅದನ್ನು ತೆಗೆದುಹಾಕಿತು.

ಮನೆಗೆ ಬರುವಾಗ ಡೇರಿಯ ಜೀಪು ಅವರ ಕಾರನ್ನೂ ಆ ಹೊಸ ಎಂಜಿನ್ನನ್ನೂ ಎಳೆದು ತಂದಿತು. ದರ್ಜಿಗೆ ಮಾತು ಮರಳಿತ್ತು. "ಅದಕ್ಕೆ ಕುಡಿಸೋ ಪೆಟ್ರೋಲಿಗೆ ಎಷ್ಟು ಕೋಟು ಹೊಲೀಬೇಕೋ! ಸದ್ಯಕ್ಕೆ ಒಂದು ಗವಸು ಹೊಲಿದು ಮುಚ್ಚಿಡ್ತೀನಿ."

"ನೋಡಿದ್ಯಾ, ನನ್ನ ನಿಯಮ ಕೊನೆಗೂ ಕೆಲಸಕ್ಕೆ ಬಂತು," ಎಂದಳು ವ್ಯಾನಕ್ಕ, ಮಗಳ ಕಡೆ ನೋಡದೆ. "ವ್ಯಾನೂ ಉಳೀತು, ಅವರ ಎಂಜಿನ್ನೂ ಸಿಕ್ತು."

"ಹೂಂ, ಸಿಕ್ತು." ಗುಂಡಿ ಹೆಲ್ಮೆಟ್ಟಿನ ಗಾಜಿನಿಂದ, ಉಳಿದ ಪ್ಲಾಸ್ಟಿಕ್ ಹಾಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. "ಅವತ್ತು ಬೇಲಿ ಹತ್ರ ಒಬ್ಳು ಕೂಗ್ತಿದ್ಲಲ್ಲಮ್ಮ, ನೆನಪಿದ್ಯಾ? ಅವಳು ಕೂಗಿದ್ದು ಅವಳ ಮಗನಿಗೆ ಕೇಳಿಸಿರಲ್ಲ. ನನಗೆ ಕೇಳಿಸ್ತು."

ರಾತ್ರಿಯೇ ತನ್ನ ಎಂಜಿನ್ ಮರಳಿ ಕೂರಿಸಿಕೊಂಡ ವ್ಯಾನು ಸೋಮವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಹೊರಟಿತು. ಮಕ್ಕಳಿಗೆ ಏನೂ ಗೊತ್ತಾಗಲಿಲ್ಲ.

ನಿಧಾನ ಹೋಗು ಎಂದು ಯಾವತ್ತೂ ಹೇಳುವುದಿಲ್ಲವೆಂದು ಅಮ್ಮ ಮಾತು ಕೊಟ್ಟಿದ್ದಳು. ಹೇಳಿದಳು.