ಹೆಸರಿಲ್ಲದ ಕೂಸಿನ ತೊಟ್ಟಿಲು

ನಾನು ಕಲಘಟಗಿಯ ಬಣ್ಣದ ತೊಟ್ಟಿಲು. ಮೊದಲು ನಾನು ಬರೀ ಸಾಗವಾನಿಯ ತುಂಡು. ಚಿತ್ರಗಾರರು ನನ್ನನ್ನು ಕೊರೆದು, ಕೂಡಿಸಿ, ಅರಗಿನ ಬಣ್ಣ ಹಚ್ಚಿ, ಕೇದಗೆಯ ಗರಿಯಿಂದ ತಿಕ್ಕಿ ಹೊಳಪು ತಂದರು. ನನ್ನ ಬದಿಗಳ ಮೇಲೆ ಬೆಣ್ಣೆ ತಿನ್ನುವ ಕೃಷ್ಣನನ್ನು ಬರೆದರು. ಬಂದ ಹೆಂಗಸರೆಲ್ಲ ನನ್ನನ್ನು ಸವರಿ, ಯಾರ ಮನೆಯ ಪುಣ್ಯವೋ ಎನ್ನುತ್ತಿದ್ದರು. ನನಗೂ ಸ್ವಲ್ಪ ಜಂಬವೇ ಇತ್ತು.

ನನ್ನನ್ನು ಮಾಡಿಸಿದವರು ಬನವ್ವನ ತವರಿನವರು. ಬನವ್ವ ಬೆಟಗೇರಿಯ ನೇಕಾರ ವಿರುಪಣ್ಣನ ಹೆಂಡತಿ. ಅವಳಿಗೆ ಚೊಚ್ಚಲು ಗಂಡು ಹುಟ್ಟಿದಾಗ ನಾನು ಆ ಮನೆಯ ಪಡಸಾಲೆಗೆ ಬಂದೆ. ಒಂದು ಬದಿಗೆ ನಾನು, ಇನ್ನೊಂದು ಬದಿಗೆ ನೆಲ ಅಗೆದು ಹೂಡಿದ ಕುಣಿಮಗ್ಗ. ಬನವ್ವನ ಅತ್ತೆ ಶಂಕ್ರವ್ವ ಪಂಚಾಂಗದ ಆಚಾರ್ಯರಿಂದ ಒಳ್ಳೆಯ ಗಳಿಗೆ ಕೇಳಿ ಬಂದಿದ್ದಳು. ಆ ಗಳಿಗೆಗೆ ಸರಿಯಾಗಿ ವಿರುಪಣ್ಣನ ಅಕ್ಕ ರುದ್ರವ್ವ ನನ್ನೊಳಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಮಲ್ಲಿಕಾರ್ಜುನ ಎಂದಳು. ಹೆಸರಿಟ್ಟ ಸೋದರತ್ತೆಗೆ ಗುದ್ದುವ ವಾಡಿಕೆಯಂತೆ ಸುತ್ತಲಿನ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು.

ಹಲ್ಲು ಬರುವ ಹೊತ್ತಿಗೆ ಆ ಕೂಸಿಗೆ ಜ್ವರ ಬಂತು. ಜ್ವರ ಇಳಿಯಲಿಲ್ಲ, ಕೂಸು ಉಳಿಯಲಿಲ್ಲ.

ನನ್ನನ್ನು ಅಟ್ಟಕ್ಕೇರಿಸಿದರು. ಕೆಳಗಿನಿಂದ ಶಂಕ್ರವ್ವನ ಮಾತು ಕೇಳುತ್ತಿತ್ತು. ಗೋಡೆಯ ಗಡಿಯಾರ ಹಿಂದೆ ಬಿದ್ದಿತ್ತೇನೋ, ಒಳ್ಳೆಯ ಗಳಿಗೆ ಮೀರಿದ ಮೇಲೆ ಹೆಸರಿಟ್ಟೆವೇನೋ ಎಂದು ಅವಳು ಮಗನನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ವಿರುಪಣ್ಣ ಲಾಳಿ ಒಗೆಯುತ್ತಲೇ ಇದ್ದ.

ಕೆಲವು ವರ್ಷಗಳ ಮೇಲೆ ನನ್ನನ್ನು ಇಳಿಸಿ ಧೂಳು ಒರೆಸಿದರು. ಹೆಣ್ಣು ಕೂಸು ಹುಟ್ಟಿತ್ತು. ಬಡಕಲು, ಬೆಕ್ಕಿನ ಮರಿಯಂಥ ಅಳು. ಈ ಸಲ ಶಂಕ್ರವ್ವ ಗಡಿಯಾರವನ್ನು ನಂಬಲಿಲ್ಲ. ರೇಡಿಯೋದವರು ಸಮಯ ಹೇಳುವುದನ್ನು ಕೇಳಿ ಮುಳ್ಳು ತಿರುಗಿಸಿದಳು. ಓಣಿಯ ಹೆಂಗಸರು ಸೇರಿದರು. ರುದ್ರವ್ವ ಹೊಸಪೇಟೆಯಿಂದ ಕೂಸಿನ ತಲೆಗೆ ಹೊಸ ಕುಲಾಯಿ ತಂದಿದ್ದಳು. ಅವಳು ಇನ್ನೇನು ಬಗ್ಗಬೇಕು, ಅಷ್ಟರಲ್ಲಿ ಬನವ್ವ ಬಂದು ಕೂಸನ್ನು ನನ್ನೊಳಗಿಂದ ಎತ್ತಿಕೊಂಡುಬಿಟ್ಟಳು.

"ಬ್ಯಾಡ್ರಿ ಅಕ್ಕಾರ. ಹೆಸರು ಬ್ಯಾಡ."

"ಏನ್ ಮಾತಾಡ್ತಿಯವ್ವ? ಗಳಿಗಿ ಹೊಂಟೈತಿ," ಎಂದಳು ಶಂಕ್ರವ್ವ.

"ಹೋಗಲ್ರಿ. ಅವಂಗೂ ಗಳಿಗಿ ನೋಡೇ ಇಟ್ಟಿದ್ವಿ. ಹೆಸರು ಹಿಡದು ಕರದು ಕರದು, ಆಮ್ಯಾಲೆ ಆ ಹೆಸರನ್ನ ಏನ್ ಮಾಡ್ಲಿ ಅಂತ ನನಗ ತಿಳೀಲಿಲ್ಲ. ಇದು ಉಳೀತಂದ್ರ ನೋಡೂಣು."

ಬಂದವರು ಎಲೆಅಡಿಕೆ ತೆಗೆದುಕೊಂಡು ಒಬ್ಬೊಬ್ಬರಾಗಿ ಹೋದರು.

ಶಂಕ್ರವ್ವ ಮತ್ತೊಂದು ಮುಹೂರ್ತ ಕೇಳಿ ತಂದಳು, ಅದೂ ಹೋಯಿತು. ಇನ್ನೊಂದನ್ನೂ ಬನವ್ವ ಒಲ್ಲೆನೆಂದಳು. ಪ್ರತಿ ಸಲ ಬಂದ ರುದ್ರವ್ವ ಹೇಳಬೇಕಾದ ಹೆಸರನ್ನು ಬಾಯಲ್ಲೇ ಇಟ್ಟುಕೊಂಡು ಮರಳುತ್ತಿದ್ದಳು. ಮನೆಯವರೆಲ್ಲ ಬರೀ "ಕೂಸ" ಎನ್ನುತ್ತಿದ್ದರು. ಬನವ್ವ ಹಗಲೂ ನಿದ್ದೆಯಲ್ಲಿದ್ದ ಕೂಸಿನ ಮೂಗಿನ ಬಳಿ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಉಸಿರು ಬೆರಳಿಗೆ ತಾಗುವವರೆಗೂ ನನಗೂ ಜೀವ ಇರುತ್ತಿರಲಿಲ್ಲ.

ಕೂಸು ಹಲ್ಲಿನ ಕಾಲ ದಾಟಿ ಅಂಬೆಗಾಲಿಟ್ಟಿತು. ಒಂದು ರವಿವಾರ ಸಂಜೆ ವಿರುಪಣ್ಣ ಪೇಟೆಗೆ ಹೋಗಿದ್ದ. ಬನವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೊಣಕಾಲು ಹಿಡಿದಿದ್ದ ಶಂಕ್ರವ್ವ ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತಿದ್ದಳು. ರಾಹುಕಾಲವೆಂದು ಒಲೆ ಹೊತ್ತಿಸಿರಲಿಲ್ಲ. ನನ್ನ ಕಾಲ ಬುಡದಲ್ಲಿ ಆಡುತ್ತಿದ್ದ ಕೂಸು ಮಗ್ಗದ ಕಡೆ ಹೊರಟಿತು. ನೇಕಾರ ಕಾಲಿಳಿಬಿಟ್ಟು ಕೂಡುವ ಕುಣಿ ಬಾಯ್ತೆರೆದುಕೊಂಡಿತ್ತು.

"ಕೂಸ, ಏ ಕೂಸ," ಎಂದು ಶಂಕ್ರವ್ವ ಕೂಗಿದಳು. ಏಳಹೋಗಿ ಕುಸಿದಳು, ಮೊರ ಉರುಳಿ ಅಕ್ಕಿ ಚೆಲ್ಲಿತು. ಓಣಿಯ ಮಕ್ಕಳನ್ನೆಲ್ಲ ಕರೆಯುವುದು ಹಾಗೆಯೇ; ತನ್ನನ್ನೇ ಕರೆದದ್ದೆಂದು ತಿಳಿಯದೆ ಅದು ತಿರುಗಲಿಲ್ಲ. ಒಂದು ಕೈ ಕುಣಿಯ ಅಂಚಿಗೆ ಹೋಯಿತು. ನನಗೆ ಕಾಲಿದ್ದವು, ನಡೆಯಲು ಬರುತ್ತಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಬನವ್ವ ಕಾಣಿಸಿಕೊಂಡಳು. ಓಡಿ ಬಂದರೂ ಮುಟ್ಟುವಷ್ಟು ಹತ್ತಿರವಿರಲಿಲ್ಲ.

"ಚಂಪಾ!"

ಕೂಸು ನಿಂತಿತು. ತಟ್ಟನೆ ಕುಳಿತು, ತಿರುಗಿ ನೋಡಿ, ಅವ್ವನನ್ನು ಕಂಡು ನಕ್ಕಿತು. ಅಷ್ಟರಲ್ಲಿ ಬನವ್ವ ಅದನ್ನು ಎತ್ತಿ ಎದೆಗೆ ಒತ್ತಿಕೊಂಡಿದ್ದಳು. ಅವಳ ಕೈಯ ಸಾಬೂನಿನ ನೀರು ಕೂಸಿನ ಬೆನ್ನ ಮೇಲೆಲ್ಲ ಇಳಿಯುತ್ತಿತ್ತು.

ಶಂಕ್ರವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

"ಯಾವಾಗಿಂದ ಕರೀತಿ ಹಂಗಂತ?"

"ಹುಟ್ಟಿದ ದಿನದಿಂದ್ರಿ ಅತ್ತಿ," ಎಂದಳು ಬನವ್ವ. "ಹಿತ್ತಲದಾಗ ಒಬ್ಬಾಕಿನ ಇದ್ದಾಗ, ಯಾರಿಗೂ ಕೇಳಲಾರದಂಗ. ಇಟ್ಟರ ಭಯ, ಇಡದಿದ್ರ ಕರೀಲಾರದ ಇರಾಕ ಆಗೂದಿಲ್ಲ. ನಾ ಏನ್ ಮಾಡ್ಲಿ?" ಆಮೇಲೆ ನೆನಪಾಗಿ ಅವಳು ಗಡಿಯಾರ ನೋಡಿದಳು. "ರಾಹುಕಾಲದಾಗ ಒದರಿಬಿಟ್ಟೆನಲ್ರಿ."

ಗಳಿಗೆಗಾಗಿ ರೇಡಿಯೋಕ್ಕೆ ಕಿವಿಗೊಟ್ಟಿದ್ದ ಆ ಮುದುಕಿ ಚೆಲ್ಲಿದ ಅಕ್ಕಿಯನ್ನು ಬೊಗಸೆಯಿಂದ ಮೊರಕ್ಕೆ ತುಂಬಿದಳು. ಕಡೆಗೆ, "ನೀ ಕರದಿ, ಅದು ತಿರುಗಿ ನೋಡ್ತು. ಇನ್ನ ಗಳಿಗಿ ಯಾರನ್ನೂ ಕೇಳೂದಿಲ್ಲ ನಾನು. ರುದ್ರವ್ವಗ ಬಾ ಅಂತ ಹೇಳಿ ಕಳಸು," ಎಂದಳು.

ರುದ್ರವ್ವ ಬಂದಳು. ಚಂಪಾ ನನ್ನೊಳಗೆ ಹಿಡಿಸದಷ್ಟು ಬೆಳೆದಿದ್ದಳು. ಒಂದು ಕಾಲು ಹೊರಗೆ ಚಾಚಿತ್ತು, ಸೋದರತ್ತೆಯ ಮೂಗುತಿಗೆ ಕೈ ಹಾಕಿದ್ದಳು. ರುದ್ರವ್ವ ನಗುತ್ತ ಅಳುತ್ತ ಬಗ್ಗಿ ಚಂಪಾ ಎಂದಳು. ಹೆಂಗಸರು ಕಾದಿದ್ದವರಂತೆ ಅವಳ ಬೆನ್ನಿಗೆ ಗುದ್ದಿದರು.

ಆಮೇಲೆ ಓಣಿಯ ಎಷ್ಟೋ ಮನೆಗಳವರು ನನ್ನನ್ನು ಹೆಸರಿಡಲು ಒಯ್ದರು, ಮರಳಿ ತಂದಿಟ್ಟರು. ಈಗ ನನ್ನ ಬಣ್ಣ ಉದುರಿದೆ, ಸರಪಳಿಯ ಕೊಂಡಿ ಮುರಿದಿದೆ. ಒಳಕೋಣೆಯ ಮೂಲೆಯಲ್ಲಿ ನೂಲಿನ ಲಡಿಗಳನ್ನು ಹೊತ್ತು ನಿಂತಿದ್ದೇನೆ. ಪಕ್ಕದಲ್ಲೇ ಬನವ್ವನ ಹಾಸಿಗೆ. ಚಂಪಾಳ ತಲೆಯಲ್ಲಿ ಬಿಳಿಕೂದಲು ಬಂದಿವೆ. ಅವಳ ಮನೆ ಎದುರಿಗೇ. ದಿನಾ ಬಂದು ಅಡಿಗೆ ಮಾಡಿಕೊಡುತ್ತಾಳೆ.

"ಚಂಪಾ," ಎನ್ನುತ್ತಾಳೆ ಬನವ್ವ.

"ಏನಬೇ?"

"ಏನಿಲ್ಲ. ಸುಮ್ನ ಕರದೆ."

ಒಮ್ಮೊಮ್ಮೆ ಪಾತ್ರೆಯ ಸದ್ದಿನಲ್ಲಿ ಮಗಳಿಗೆ ಕೇಳಿಸುವುದಿಲ್ಲ. ಆಗ ಬನವ್ವ ಅರ್ಧ ಎದ್ದು ನನ್ನ ಅಂಚನ್ನು ಹಿಡಿದುಕೊಳ್ಳುತ್ತಾಳೆ. ಅಡಿಗೆಮನೆಯಿಂದ "ಓ" ಎಂಬ ದನಿ ಬರುವವರೆಗೂ ನಾವಿಬ್ಬರೂ ಹಾಗೇ ಕಾಯುತ್ತೇವೆ.