ಮೊರೆಲ್‌ಗಳು ಎಷ್ಟು ಮಂದಿ

ಹಿಂಗಾರು ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಸತ್ತವರ ಹಬ್ಬಕ್ಕೆ ಇನ್ನು ಮೂರೇ ದಿನ. ಸ್ಮಶಾನದ ತುಂಬ ಬಕೀಟು, ಕುಂಚ, ಕತ್ತಿ ಹಿಡಿದ ಜನ. ಪೀಟರ್ ಮೊರೆಲ್ ತನ್ನ ತಾತ ಜೋಸೆಫನ ಸಮಾಧಿಯ ಪಾಚಿ ಕೆರೆದು ಸುಣ್ಣ ಬಳಿಯುತ್ತಿದ್ದ. ಮೊಮ್ಮಗಳು ಜೆನ್ನಿ ಪಕ್ಕದ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಅರ್ಜಿ ತುಂಬುತ್ತಿದ್ದಳು. ಮೊರೆಲ್ ಹೆಸರಿನವರದೇ ಒಂದು ಸಂಘ ಫ್ರಾನ್ಸಿನಲ್ಲಿತ್ತು. ದೇಶದೇಶದ ಮೊರೆಲ್‌ಗಳನ್ನು ಎಣಿಸುತ್ತಿದ್ದೇವೆ, ವಂಶದವರನ್ನು ಬೇಸಿಗೆಯ ಸಮಾವೇಶಕ್ಕೆ ನಮ್ಮ ಖರ್ಚಿನಲ್ಲೇ ಕರೆಸಿಕೊಳ್ಳುತ್ತೇವೆ ಎಂದು ಅವರು ಬರೆದಿದ್ದರು. ಜೆನ್ನಿ ಆಗಲೇ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದಳು.

"ತಾತ, ಕೇಳಿಲ್ಲಿ. ಮೊರೆಲ್ ಅಂದ್ರೆ ಕಪ್ಪಗಿರೋನು ಅಂತ ಅರ್ಥವಂತೆ. ಹಿಂದೆ ಮೈಬಣ್ಣ ನೋಡಿ ಇಟ್ಟಿದ್ದ ಅಡ್ಡಹೆಸರು. ಅಲ್ಲಿ ಸಾವಿರಾರು ಜನ ಇದಾರೆ."

"ಹಂಗಾದ್ರೆ ಅವರೆಲ್ಲರಿಗಿಂತ ನಾನೇ ಅಸಲಿ ಕಣಮ್ಮ," ಎಂದ ಪೀಟರ್. ನಗದೆ ಮತ್ತೆ ಸುಣ್ಣಕ್ಕೆ ಕುಂಚ ಅದ್ದಿದ.

ಹಿಂದಿನ ದಿನ ಈ ಅರ್ಜಿಗೆಂದೇ ಅವನು ಚರ್ಚಿನ ಕಚೇರಿಗೆ ಹೋಗಿ ತಾತನ ದೀಕ್ಷಾಸ್ನಾನದ ದಾಖಲೆ ತೆಗೆಸಿದ್ದ. ಟಿಪ್ಪುವಿನ ಪಡೆಯಲ್ಲಿದ್ದ ಫ್ರೆಂಚ್ ಸಿಪಾಯಿಯ ವಂಶ ತಮ್ಮದೆಂದು ಅಪ್ಪ ಹೇಳುತ್ತಿದ್ದ. ಇವನೂ ನಜರ್‌ಬಾದಿನಲ್ಲಿ ಐವತ್ತು ವರ್ಷ ಅದನ್ನೇ ಹೇಳಿಕೊಂಡು ಓಡಾಡಿದ್ದ. ಪಾದ್ರಿಗಳು ಬೆರಳಿಟ್ಟು ಓದಿದರು: ಹುಡುಗನಿಗೆ ಆರು ವರ್ಷ. ತಂದೆ ಜವರಯ್ಯ, ತಾಯಿ ಬೀರಮ್ಮ, ಇಬ್ಬರೂ ಪ್ಲೇಗಿನಲ್ಲಿ ತೀರಿಕೊಂಡವರು. ಮೊರೆಲ್ ಎಂದಿದ್ದದ್ದು ದೀಕ್ಷೆಗೆ ಹೊಣೆ ನಿಲ್ಲುವ ಜ್ಞಾನತಂದೆಯ ಹೆಸರು ಬರೆಯುವ ಕಡೆ. ಅನಾಥ ಹುಡುಗನ ಪಕ್ಕ ಅವತ್ತು ನಿಂತಿದ್ದ ಯಾರೋ ಫ್ರೆಂಚ್ ವ್ಯಾಪಾರಿ. ಶಾಲೆಗೆ ಸೇರಿಸುವಾಗ ಆ ಹೆಸರೇ ಅಂಟಿಕೊಂಡಿರಬೇಕು. ಪೀಟರ್ ಇದನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಅಷ್ಟರಲ್ಲಿ ವರುಣದ ಕಡೆಯ ಹಳ್ಳಿಯಿಂದ ದೇವಿರಮ್ಮ ಚೆಂಡುಹೂವಿನ ಕುಕ್ಕೆ ಹೊತ್ತು ಬಂದಳು. ಅವಳ ಅಪ್ಪನೂ ವರ್ಷವರ್ಷ ಹೀಗೇ ಬರುತ್ತಿದ್ದ. ಹಳೇ ಆಳುಮಕ್ಕಳ ಕಡೆಯವರಿರಬೇಕು ಎಂದುಕೊಂಡು ಪೀಟರನ ಮನೆಯವರು ಹೂ ಇಸಿದುಕೊಂಡು ಕಳಿಸುತ್ತಿದ್ದರು. ಒಂದು ಲೋಟ ಕಾಫಿಗೂ ಮನೆಗೆ ಕರೆದದ್ದಿಲ್ಲ.

"ಈ ಸಲ ಹೂ ಸಣ್ಣವು ಕನಿ, ಪೀಟ್ರಪ್ನೋರೇ. ಮಳೆ ಹೊಡ್ದಾಕ್ಬುಡ್ತು."

"ದೇವಿರಮ್ಮ, ಈ ಸಮಾಧಿಗೆ ಯಾಕೆ ಹೂ ತರ್ತೀರಿ?" ಇಷ್ಟು ವರ್ಷದಲ್ಲಿ ಅವನು ಇದನ್ನು ಕೇಳಿದ್ದು ಇದೇ ಮೊದಲು.

"ಇದೇನ್ ಇಂಗ್ ಕೇಳೀರಿ? ಇವ್ರು ನಮ್ ತಾತನ ಅಣ್ಣ ಅಲ್ವಾ? ಅಪ್ಪ ಅವ್ವ ಪಿಲೇಗ್ನಲ್ಲಿ ಓದಾಗ ದೊಡ್ಡೋನ್ನ ಪಾದ್ರಿಗಳು ಮಡಿಕ್ಕಂಡ್ರು, ಚಿಕ್ಕೋನ್ನ ಸೋದರಮಾವ ಎತ್ಕಂಡೋದ. ಅಣ್ಣನ್ನ ಕೈ ಬುಡ್ಬ್ಯಾಡಿ ಅಂತ ನಮ್ ತಾತ ಸಾಯೋವಾಗ್ಲೂ ಅಂದಿತ್ತಂತೆ. ನಿಮಗೆ ಗೊತ್ತೈತೆ ಅನ್ಕಂಡಿದ್ದೆ!"

ಜೆನ್ನಿ ತಲೆಯೆತ್ತಿದಳು. "ಏನ್ ತಾತ ಇದು? ನಿಮ್ಮ ತಾತ ಜೋಸೆಫನ ತಂದೆ ಯಾರು ಅಂತ ಕೇಳಿದಾರೆ. ಸಿಪಾಯಿ ವಂಶದೋರು ಅಂತ ತಾನೇ ಹಾಕೋದು?"

ಹೂಂ ಅಂದರೆ ಸಾಕಿತ್ತು. ಪಾದ್ರಿಗಳೇನೂ ಊರಿಗೆಲ್ಲ ಸಾರುವವರಲ್ಲ. ಪೀಟರ್ ಕುಂಚವನ್ನು ಬಕೀಟಿನೊಳಗಿಟ್ಟ.

"ಜವರಯ್ಯ ಅಂತ ಬರಿ."

"ರಕ್ತಸಂಬಂಧ ಇಲ್ದೇ ಇದ್ರೆ ಅವರು ಕರೆಯಲ್ಲ ತಾತ."

"ಗೊತ್ತು ಕಣಮ್ಮ. ಬರಿ."

ಜೆನ್ನಿ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಒಂದೊಂದೇ ಅಕ್ಷರ ಒತ್ತಿ ಬರೆದಳು. ಆಮೇಲೆ ಯಾರ ಮುಖವನ್ನೂ ನೋಡದೆ, "ಇಲ್ಲಿರೋ ಕುಟುಂಬದವರು ಎಷ್ಟು ಅಂತ ಇದೆ. ನಾವು ಏಳು ಜನ," ಎಂದಳು.

"ತಡಿ. ದೇವಿರಕ್ಕ, ನಿಮ್ಮನೇಲಿ ಎಷ್ಟು ಜನ?"

ಅಕ್ಕ ಎಂದದ್ದಕ್ಕೆ ದೇವಿರಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಕುಕ್ಕೆ ಕೆಳಗಿಟ್ಟು ಬೆರಳ ಗೆಣ್ಣು ಮುಟ್ಟಿ ಎಣಿಸತೊಡಗಿದಳು. ತಮ್ಮ ದೇವರಾಜು, ಅವನ ಹೆಂಡತಿ, ತಂಗಿ ಚಲುವಮ್ಮ, ಅವಳ ನಾಲ್ಕು ಮಕ್ಕಳು... ಬಲಗೈ ಮುಗಿದು ಎಡಗೈಗೆ ಬಂದವಳು ನಿಲ್ಲಿಸಿ ಜೆನ್ನಿಯ ಕಡೆ ತಿರುಗಿದಳು.

"ಸೊಸೆ ಮಾನಸ ಬಸ್ರಿ ಕವ್ವ. ಹೊಟ್ಟೇಲಿರೋದ್ನೂ ಸೇರ್ಸ್ಲಾ?"

ಜೆನ್ನಿ ಕಟ್ಟೆಯ ತುದಿಗೆ ಸರಿದು, ಅವಳಿಗೂ ಕೂರಲು ಜಾಗ ಬಿಟ್ಟಳು.