ನೀರು ಕುಡಿದ ಬೋರ್ಡು

ಬಿರುಕು ಉಗುರಿನಷ್ಟೇ ಇತ್ತು. ಆದರೂ ನೊಲ್ವಿಯಾ ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಅದರ ಸುತ್ತ ಗಿರಕಿ ಹೊಡೆಯುತ್ತಿದ್ದಳು. ಹಾಯಿ ಕಟ್ಟಿ ನೀರಿನ ಮೇಲೆ ಓಡಿಸುವ ಆ ಬೋರ್ಡು ಅವಳದಲ್ಲ, ಅಣ್ಣ ರೈನಿರ್‌ನದು. ನಾಳೆಯ ಹಾಯಿ ಓಟದಲ್ಲಿ ಗೆದ್ದವರನ್ನು ಬೊನೇರ್ ದ್ವೀಪದ ತಂಡಕ್ಕೆ ಆರಿಸುತ್ತಾರೆ. ಹೋದ ವರ್ಷ ಹೆಗಲ ಮೂಳೆ ಮುರಿದುಕೊಂಡು ಮಲಗಿದ್ದ ಅಣ್ಣ, ಈ ಸಲ ಊಟ ನಿದ್ದೆ ಬಿಟ್ಟು ತಯಾರಾಗಿದ್ದ. ಕೆಲಸದ ಮೇಲೆ ಪಕ್ಕದ ಕುರಸಾವ್ ದ್ವೀಪಕ್ಕೆ ಹೋದವನು ಸಂಜೆಯ ವಿಮಾನಕ್ಕೆ ಬರುವವನಿದ್ದ.

ಅವಳು ಬೆಳಿಗ್ಗೆ ಅದನ್ನು ಕೇಳದೆ ತೆಗೆದುಕೊಂಡು ಹೋಗಿದ್ದಳು. ಒಂದು ಸುತ್ತು ಹಾಕಿ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂಬ ಭಂಡ ಧೈರ್ಯ. ಲಾಕ್ ಕೊಲ್ಲಿಯ ನಡುವೆ ಗಾಳಿ ಒಮ್ಮೆಗೇ ಎಳೆದು ಅವಳನ್ನು ಮುಂದಕ್ಕೆ ಬಿಸಾಡಿದಾಗ ಹಾಯಿಯ ಕಂಬ ಬೋರ್ಡಿನ ಮೂತಿಗೆ ಬಡಿಯಿತು. ಚಟ್ ಎಂದ ಸದ್ದು ಅವಳಿಗೂ ಕೇಳಿಸಿತ್ತು. ಆಗಲೇ ದಡಕ್ಕೆ ಬಂದಿದ್ದರೆ ಮುಗಿಯುತ್ತಿತ್ತು. ಗಾಳಿ ಬಿಡಬೇಕಲ್ಲ. ಎಷ್ಟೋ ದಿನ ಸತ್ತಂತೆ ಬಿದ್ದಿದ್ದ ಗಾಳಿ ಅಂದೇ ಎದ್ದಿತ್ತು. ಇನ್ನೊಂದೇ ಸುತ್ತು, ಇನ್ನೊಂದೇ ಸುತ್ತು ಎಂದು ಸುತ್ತುತ್ತಲೇ ಇದ್ದಳು. ಆ ಕೊಲ್ಲಿಯಲ್ಲಿ ಬೆಳೆದ ಎಲ್ಲರಿಗೂ ಇರುವ ರೋಗ ಇದು. ಅಷ್ಟರಲ್ಲಿ ಒಳಗಿನ ಥರ್ಮಾಕೋಲು ಹೊಟ್ಟೆ ತುಂಬ ನೀರು ಕುಡಿದಿತ್ತು.

ಇದಕ್ಕೆ ಮದ್ದು ಒಂದೇ. ಬಿರುಕನ್ನು ಬಿಡಿಸಿ, ಮೂತಿ ಕೆಳಗೆ ಮಾಡಿ ನಿಲ್ಲಿಸಿ, ನೀರು ಇಳಿಯುವವರೆಗೆ ಕಾಯಬೇಕು. ಬಾಯಿಟ್ಟು ಹೀರಿದಾಗ ನಾಲಿಗೆಗೆ ಉಪ್ಪು ಹತ್ತಿದರೆ ಇನ್ನೂ ಕಾಯಬೇಕು, ವಾರ ಹಿಡಿದರೂ ಸರಿ. ಅವಸರಪಟ್ಟು ಮುಚ್ಚಿಬಿಟ್ಟರೆ ಒಳಗಿನ ನೀರು ಬಿಸಿಲಿಗೆ ಕಾದು ಮೇಲಿನ ಪದರವನ್ನೇ ಎಬ್ಬಿಸುತ್ತದೆ. ಇದೆಲ್ಲವನ್ನೂ ಅವಳಿಗೆ ಹೇಳಿಕೊಟ್ಟವನೇ ಅಣ್ಣ.

ಫ್ಯಾನು ಹಚ್ಚಿಟ್ಟು ಹೀರಿದಳು. ಉಪ್ಪು. ಅಂಗಳ ಸುತ್ತಿ ಬಂದು ಹೀರಿದಳು. ಉಪ್ಪೇ. ಮಧ್ಯಾಹ್ನದ ಅಡುಗೆಗೆ ಆಡಿನ ಮಾಂಸ ಬೇಯಿಸುತ್ತಿದ್ದ ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದಳು.

"ಏನೇ ಅದು, ಆವಾಗಿಂದ ಬೋರ್ಡಿಗೆ ಮುತ್ತಿಡ್ತಾ ಇದೀಯ? ನಾನು ಕಟ್ಕೊಂಡ ಗಂಡನಿಗೂ ಇಷ್ಟು ಸಿಕ್ಕಿರಲಿಲ್ಲ, ಪಾಪ. ನಿಮ್ಮಣ್ಣಂಗೆ ಒಂದು ಫೋನು ಮಾಡ್ಬಾರ್ದಾ?"

ಮಾಡುತ್ತೇನೆ ಎಂದಳು. ಅವನ ಹೆಸರಿನ ಮೇಲೆ ಬೆರಳಿಟ್ಟಳು, ತೆಗೆದಳು. ಬೈಗುಳಕ್ಕೆ ಹೆದರುವವಳಲ್ಲ ಅವಳು. ಅಣ್ಣ ಬೈಯದೆ ಸುಮ್ಮನಾಗಿಬಿಡುತ್ತಾನಲ್ಲ, ಅದಕ್ಕೆ ಅವಳಿಗೆ ಜೀವ ಹೋಗುತ್ತಿತ್ತು.

ಬಿಸಿಲು ವಾಲುವ ಹೊತ್ತಿಗೆ ತಾಳ್ಮೆ ಕೈಕೊಟ್ಟಿತು. ಮತ್ತೊಮ್ಮೆ ಹೀರಿ, ಉಪ್ಪು ಕಡಿಮೆಯಾಗಿದೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು. ಬೇಗ ಗಟ್ಟಿಯಾಗುವ ಅಂಟು ಕಲಸಿ ಮೆತ್ತಿ, ಮೇಲೆ ಫೈಬರ್ ಬಟ್ಟೆಯ ತುಂಡು ಹಾಸಿ, ಒಣಗಿದ ಮೇಲೆ ಮರಳು ಕಾಗದದಲ್ಲಿ ತಿಕ್ಕಿ ಬಿಳಿ ಬಣ್ಣ ಹಚ್ಚಿದಳು. ಬೆರಳಾಡಿಸಿದರೂ ಗುರುತು ಸಿಗದಷ್ಟು ನಯವಾಗಿತ್ತು. ಅಷ್ಟು ಚೆನ್ನಾಗಿ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ರೈನಿರ್ ಬಂದವನೇ ಚೀಲವನ್ನು ಜಗಲಿಗೆ ಎಸೆದು ನೇರ ಬೋರ್ಡಿನ ಹತ್ತಿರ ಹೋದ. ಮೂತಿಯ ಕಡೆ ಅವನು ನೋಡಲೇ ಇಲ್ಲ. ಕಂಕುಳಿಗೆ ಸಿಕ್ಕಿಸಿಕೊಂಡು ಎತ್ತಿದ. ಕೆಳಗಿಟ್ಟು ಇನ್ನೊಮ್ಮೆ ಎತ್ತಿದ. ಮೂತಿ ನೆಲದ ಕಡೆಗೆ ಜಗ್ಗುತ್ತಿತ್ತು.

"ಯಾವಾಗ?" ಎಂದ.

"ಬೆಳಿಗ್ಗೆ," ಎಂದಳು ನೊಲ್ವಿಯಾ.

ಅವನು ಒಳಗಿನಿಂದ ಡ್ರಿಲ್ಲು ತಂದು ಅವಳು ನಯ ಮಾಡಿದ್ದ ಜಾಗಕ್ಕೇ ಹಿಡಿದ. ಬೋರ್ಡನ್ನು ತಲೆಕೆಳಗು ನಿಲ್ಲಿಸಿದ ಕೂಡಲೇ ನೀರು ತೊಟ್ಟಿಕ್ಕತೊಡಗಿತು. ಇದು ಒಣಗುವಷ್ಟರಲ್ಲಿ ಓಟ ಮುಗಿದು ಗೆದ್ದವರ ಹೆಸರೂ ಹಳೆಯದಾಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಯಾರನ್ನಾದರೂ ಕೇಳಿ ಬೇರೆ ಬೋರ್ಡು ತರುತ್ತೇನೆಂದು ಅವಳು ಎದ್ದಳು. ನಾಳೆ ಎಲ್ಲರ ಬೋರ್ಡೂ ಅವರವರ ಕಾಲಡಿ ಇರುತ್ತದೆ, ಕೂತ್ಕೋ ಎಂದ.

"ಬೈಯಣ್ಣ, ಏನಾದ್ರೂ ಅನ್ನು," ಎಂದಳು.

ಅವನು ತೊಟ್ಟಿಕ್ಕುತ್ತಿದ್ದ ನೀರನ್ನು ನೋಡುತ್ತಲೇ ಹೇಳಿದ.

"ಮಧ್ಯಾಹ್ನ ಕುರಸಾವ್‌ನಲ್ಲಿ ನನ್ ಗೆಳೆಯ ಶರ್ವಿನ್ ತನ್ನ ಬೋರ್ಡು ತಂದು ಮುಂದಿಟ್ಟ ಕಣೇ. ತಗೊಂಡ್ಹೋಗು, ಎರಡಿದ್ರೆ ಒಳ್ಳೇದು ಅಂದ. ವಿಮಾನದಲ್ಲಿ ಜಾಗಾನೂ ಇತ್ತು. ನಾನೇ ಬೇಡ ಅಂದೆ. ಮನೇಲಿ ನಂದಿದೆ, ನನ್ ತಂಗಿ ಇದಾಳೆ, ನೋಡ್ಕೋತಾಳೆ ಅಂದೆ."

ಅಮ್ಮ ಊಟಕ್ಕೆ ಕರೆದಳು. ಅವನು ಕೈತೊಳೆದುಕೊಂಡು ಒಳಗೆ ಹೋದ. ಮಧ್ಯಾಹ್ನ ಅವನ ಹೆಸರಿನ ಮೇಲೆ ಇಟ್ಟು ತೆಗೆದ ಬೆರಳು ನೆನಪಾಗಿ ನೊಲ್ವಿಯಾಗೆ ಒಳಗೆ ಹೋಗಲಾಗಲಿಲ್ಲ.